ಬಿ ಸೆಟ್, ಖಾರ ಮೂರನೇ ನಂಬರ್

ಟೋಕಿಯೋದ ಯಾವ ರೈಲ್ವೆ ಸ್ಟೇಷನ್ನಿನಲ್ಲಾದರೂ ಇಳಿದು ಹೊರಗೆ ಬನ್ನಿ. ಒಂದು ಕನ್ವೀನಿಯೆನ್ಸ್ ಸ್ಟೋರು, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಒಂದು ಪಚಿಂಕೋ ಜೂಜಿನಂಗಡಿ, ಅದರ ಮಗ್ಗುಲಲ್ಲಿ ಒಂದು ‘ಇಂಡಿಯನ್ ಅಂಡ್ ನೇಪಾಲೀಸ್ ರೆಸ್ಟೋರೆಂಟ್’ ಕಾಣಬೇಕು. ಕಾಣದಿದ್ದರೆ ನೀವು ಇಳಿದದ್ದು ಸ್ಟೇಷನ್ನಿನಲ್ಲೇ ಅಲ್ಲ. ರೈಲು ಸಿಗ್ನಲ್ಲಿಗೆ ನಿಂತಾಗ ಹಾರಿಕೊಂಡಿದ್ದೀರಿ. ಜಪಾನಿನಲ್ಲಿ ಇಂಥ ಹೋಟೆಲುಗಳು ನಾಲ್ಕೈದು ಸಾವಿರ ಇವೆಯೆಂದು ಅಂದಾಜು. ಉದ್ದದ ಹೆಸರು ಕಂಡರೆ ಕತ್ತರಿ ಹುಡುಕುವ ಜಪಾನೀಯರು ಇವನ್ನು ‘ಇನ್‌ನೆಪ’ ಎಂದು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಬೋರ್ಡಿನ ಮೇಲೆ ಎರಡು ಬಾವುಟ. ಒಂದು ನಮ್ಮ ತ್ರಿವರ್ಣ, ಇನ್ನೊಂದು ನೇಪಾಳದ ಜೋಡಿ ತ್ರಿಕೋನ. ಒಳಗೆ ಎಡಗೋಡೆಗೆ ತಾಜಮಹಲು, ಬಲಗೋಡೆಗೆ ಎವರೆಸ್ಟು, ನಡುವೆ ಟೀವಿ. ಟೀವಿಯಲ್ಲಿ ಸದ್ದಿಲ್ಲದ ಹಿಂದಿ ಹಾಡು, ಸ್ಪೀಕರಿನಲ್ಲಿ ಚಿತ್ರವಿಲ್ಲದ ನೇಪಾಳಿ ಹಾಡು. ಗಲ್ಲಾದ ಹಿಂದಿನ ಹಲಗೆಯ ಮೇಲೆ ಗಣೇಶ, ಲಕ್ಷ್ಮಿ, ಬುದ್ಧ ಮತ್ತು ಜಪಾನಿನ ಅದೃಷ್ಟದ ಬೆಕ್ಕು ಸಾಲಾಗಿ ಕೂತಿದ್ದಾರೆ. ಅವರಲ್ಲಿ ದುಡಿಯುತ್ತಿರುವುದು ಬೆಕ್ಕೊಂದೇ; ಬೆಳಗಿನಿಂದ ಕೈ ಬೀಸುತ್ತಲೇ ಇದೆ. ಹೊರಗೆ ಈ ಎರಡು ಬಾವುಟಗಳಿಗೆ ಗಡಿಜಗಳ. ಕಾಲಾಪಾನಿ, ಲಿಪುಲೇಖ್ ತನ್ನವೆಂದು ನೇಪಾಳ 2020ರಲ್ಲಿ ಹೊಸ ನಕ್ಷೆ ಬರೆದು ಸಂವಿಧಾನಕ್ಕೇ ಅಂಟಿಸಿತು. ದಿಲ್ಲಿ ಒಪ್ಪಲಿಲ್ಲ. ಎರಡು ದೇಶಗಳ ರಾಯಭಾರಿಗಳು ಇಷ್ಟು ವರ್ಷ ಚಹಾ ಕುಡಿದರೂ ಬಗೆಹರಿಯದ ಗಡಿ ಇಲ್ಲಿ ಒಬ್ಬ ಬೋರ್ಡು ಬರೆಯುವವನ ಕೈಯಲ್ಲಿ ಅರ್ಧ ದಿನದಲ್ಲಿ ಬಗೆಹರಿದಿದೆ. ಒಪ್ಪಂದದ ಷರತ್ತೂ ಸರಳ. ಹೆಸರು ಭಾರತದ್ದು, ಬೆವರು ನೇಪಾಳದ್ದು, ರುಚಿ ಜಪಾನಿನದು.

ಈ ದೇಶಕ್ಕೆ ನಮ್ಮ ಕಡೆಯ ಸಾರು ತಂದವರ ಚರಿತ್ರೆ ಮೊದಲಿನಿಂದಲೂ ವಿಚಿತ್ರವೇ. ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬೆಸೆದ ಸಂಚಿನಲ್ಲಿ ಬ್ರಿಟಿಷರಿಗೆ ಬೇಕಾಗಿದ್ದ ರಾಸ್ ಬಿಹಾರಿ ಬೋಸ್ 1915ರಲ್ಲಿ ತಪ್ಪಿಸಿಕೊಂಡು ಜಪಾನಿಗೆ ಬಂದರು. ಶಿಂಜುಕುವಿನ ನಕಮುರಾಯಾ ಎಂಬ ಬೇಕರಿಯ ದಂಪತಿ ಅವರನ್ನು ಬಚ್ಚಿಟ್ಟು ಕಾಪಾಡಿದರು; ಆಮೇಲೆ ಮಗಳನ್ನೂ ಕೊಟ್ಟರು. 1927ರಲ್ಲಿ ಅದೇ ನಕಮುರಾಯಾದಲ್ಲಿ ಬೋಸರು ಕಲಿಸಿದ ‘ಅಪ್ಪಟ ಭಾರತೀಯ ಕರಿ’ ಮಾರಾಟಕ್ಕೆ ಬಂತು. ಸಾಮ್ರಾಜ್ಯ ಉರುಳಿಸಲು ಹೊರಟವರು ಅಳಿಯನಾಗಿ ಕೋಳಿ ಸಾರು ಕಲಿಸಿದರು. ಸಾಮ್ರಾಜ್ಯ ಉರುಳಿ ಎಷ್ಟೋ ಕಾಲವಾಯಿತು, ಸಾರು ಈಗಲೂ ಸಿಗುತ್ತದೆ. 1949ರಲ್ಲಿ ತಿರುವನಂತಪುರದ ಎ. ಎಂ. ನಾಯರ್ ಗಿಂಜಾದಲ್ಲಿ ಹೋಟೆಲು ತೆರೆದರು. ಅವರೂ ಸ್ವಾತಂತ್ರ್ಯ ಹೋರಾಟದವರೇ. ಆ ಕಾಲಕ್ಕೆ ಟೋಕಿಯೋದಲ್ಲಿ ಇಂಡಿಯನ್ ಹೋಟೆಲು ಇಡಬೇಕಾದರೆ ಬ್ರಿಟಿಷರು ಹುಡುಕುತ್ತಿರಬೇಕಿತ್ತು. ಈಗ ವೀಸಾ ಆಫೀಸಿನವರು ಹುಡುಕದಿದ್ದರೆ ಸಾಕು.

ಇವತ್ತು ಇನ್‌ನೆಪಗಳ ಅಡಿಗೆಮನೆಗಳಲ್ಲಿ ನಿಂತಿರುವವರಲ್ಲಿ ಬಹಳ ಮಂದಿ ಪೋಖರಾದಿಂದಾಚೆಗಿನ ಬಾಗ್ಲುಂಗ್ ಎಂಬ ಒಂದೇ ಗುಡ್ಡಗಾಡು ಜಿಲ್ಲೆಯ ಕಡೆಯವರು. ಹಿಂದಿನವರು ಮೊದಲು ದಿಲ್ಲಿ, ಮುಂಬೈಗಳ ಹೋಟೆಲುಗಳಲ್ಲಿ ತಟ್ಟೆ ತೊಳೆದು, ಈರುಳ್ಳಿ ಹೆಚ್ಚಿ, ನಿಧಾನಕ್ಕೆ ತಂದೂರಿನ ಮುಂದೆ ಬಂದು ನಿಂತರು. ಅಲ್ಲಿಂದ ಜಪಾನಿನ ಭಾರತೀಯ ಹೋಟೆಲುಗಳಿಗೆ ಅಡಿಗೆಯವರಾಗಿ ಬಂದರು. ಯಜಮಾನ ಸಂಜೆ ಗಲ್ಲಾ ಎಣಿಸುವುದನ್ನು ಕೆಲವು ವರ್ಷ ಒಲೆಯ ಹಿಂದಿನಿಂದ ನೋಡಿ, ‘ಓಹೋ, ಇಷ್ಟೇನಾ’ ಎಂದು ತಮ್ಮದೇ ಒಂದು ಇಟ್ಟರು. ತಮ್ಮನನ್ನು ಕರೆಸಿದರು. ತಮ್ಮ ಭಾವಮೈದುನನನ್ನು ಕರೆಸಿದ. ಭಾವಮೈದುನ ಎದುರು ರಸ್ತೆಯಲ್ಲಿ ಇನ್ನೊಂದು ಇಟ್ಟು, ಲಂಚ್ ಸೆಟ್ಟನ್ನು ಐವತ್ತು ಯೆನ್ ಕಡಿಮೆಗೆ ಕೊಟ್ಟ. ಕುಂದಾಪುರ, ಉಡುಪಿ ಕಡೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾದ್ದಿಲ್ಲ. ಮುಂಬೈಯಲ್ಲಿ ಅವರು ಆಡಿ ಮುಗಿಸಿದ ಆಟವೇ ಇದು. ವ್ಯತ್ಯಾಸ ಒಂದೇ. ಉಡುಪಿಯವರು ಮಾಟುಂಗಾದಲ್ಲಿ ಮೊದಲು ಮಾರಿದ್ದು ತಮ್ಮ ಇಡ್ಲಿ, ತಮ್ಮ ಸಾಂಬಾರು. ಪಾವ್‌ಭಾಜಿಗೂ ಶೆಜ್ವಾನ್ ದೋಸೆಗೂ ಇಳಿದದ್ದು ಗಲ್ಲಾ ಗಟ್ಟಿಯಾದ ಮೇಲೆ. ಬಾಗ್ಲುಂಗಿನವರು ಆ ಸುತ್ತುಬಳಸನ್ನೆಲ್ಲ ಬಿಟ್ಟು ನೇರವಾಗಿ ಪರರ ಅಡಿಗೆಯಿಂದಲೇ ಶುರು ಮಾಡಿದರು.

ವಿದೇಶಿ ಅಡಿಗೆಯವರಿಗೆ ವೀಸಾ ಕೊಡಬೇಕಾದರೆ ಆ ಅಡಿಗೆಯಲ್ಲಿ ಹತ್ತು ವರ್ಷದ ಅನುಭವ ಇರಬೇಕೆಂಬುದು ಜಪಾನ್ ಸರ್ಕಾರದ ನಿಯಮ. ಕಾಗದದ ಮಟ್ಟಿಗೆ ಇದರಷ್ಟು ಚೊಕ್ಕಟವಾದ ನಿಯಮ ಇನ್ನೊಂದಿಲ್ಲ. ಮೀಸೆ ಈಗಷ್ಟೇ ಚಿಗುರಿದ ಹುಡುಗ ತಂದೂರಿನ ಮುಂದೆ ನಿಂತಿದ್ದರೆ ನಾವು ಅರ್ಥ ಮಾಡಿಕೊಳ್ಳಬೇಕಾದ್ದು ಇಷ್ಟು: ಇವನಿಗೆ ಉಪನಯನದ ವಯಸ್ಸಿನಲ್ಲೇ ಜನಿವಾರದ ಬದಲು ಸೀಖ್ ಸಲಾಕೆ ಹಿಡಿಸಿದ್ದಾರೆ. ಈ ಅನುಭವವನ್ನು ಒದಗಿಸುವ ಏಜೆಂಟರು ಕಠ್ಮಂಡುವಿನಲ್ಲಿದ್ದಾರೆ, ಟೋಕಿಯೋದಲ್ಲೂ ಇದ್ದಾರೆ. ಹುಡುಗ ಲಕ್ಷಗಟ್ಟಲೆ ರೂಪಾಯಿ ಸಾಲ ಮಾಡಿ ಅನುಭವ ಕೊಂಡು ಬರುತ್ತಾನೆ. ಬಂದ ಮೇಲೆ ನಿಜವಾದ ಅನುಭವ ಆಗುತ್ತದೆ.

ಇನ್ನು ಊಟಕ್ಕೆ ಕೂರೋಣ.

ಎ ಸೆಟ್ಟಿಗೆ ಒಂದು ಕರಿ, ಬಿ ಸೆಟ್ಟಿಗೆ ಎರಡು, ಸಿ ಸೆಟ್ಟಿಗೆ ಎರಡರ ಜೊತೆ ತಂದೂರಿ ಕೋಳಿಯ ಒಂದು ತುಂಡು. ಎಲ್ಲಕ್ಕೂ ನಾನ್ ರೊಟ್ಟಿ ಅಥವಾ ಅರಿಶಿನ ಹಾಕಿದ ಅನ್ನ, ಒಂದು ಲಸ್ಸಿ, ಬೆಲೆ ಸಾವಿರ ಯೆನ್ನಿನ ಆಚೀಚೆ. ಮೊದಲು ಬರುವುದು ಸಲಾಡು: ಸಣ್ಣಗೆ ಹೆಚ್ಚಿದ ಕೋಸು, ಮೇಲೆ ಕಿತ್ತಳೆ ಬಣ್ಣದ ಒಂದು ಡ್ರೆಸಿಂಗು. ಆ ದ್ರವವನ್ನು ಭಾರತದಲ್ಲಿ ಯಾರೂ ಕಂಡಿಲ್ಲ, ನೇಪಾಳದಲ್ಲೂ ಕಂಡಿಲ್ಲ. ಆದರೆ ಜಪಾನಿನ ಯಾವ ಊರಿನ ಇನ್‌ನೆಪಕ್ಕೆ ಹೋದರೂ ಅದೇ ಬಣ್ಣ, ಅದೇ ಸಿಹಿ, ಅದೇ ಹುಳಿ. ಏಕರೂಪ ನಾಗರಿಕ ಸಂಹಿತೆಗೆ ಕಾದು ಕೂತವರು ಒಮ್ಮೆ ಬಂದು ಇದನ್ನು ನೆಕ್ಕಿ ನೋಡಬೇಕು.

ಆಮೇಲೆ ನಾನ್. ತಟ್ಟೆಯ ಎರಡು ಕಡೆಯೂ ಹೊರಕ್ಕೆ ಚಾಚಿ, ಮೈಗೆಲ್ಲ ಬೆಣ್ಣೆ ಹಚ್ಚಿಸಿಕೊಂಡು, ಮೊಳದುದ್ದ ಬಂದು ಮಲಗುತ್ತದೆ. ಮೆತ್ತಗಿರಲೆಂದು ಹಿಟ್ಟಿಗೆ ಹಾಲು, ಸಕ್ಕರೆ, ಬಹಳ ಕಡೆ ಮೊಟ್ಟೆಯನ್ನೂ ಹಾಕಿ ಕಲಸಿರುತ್ತಾರೆ. ಅಮೃತಸರದವರು ಕಂಡರೆ ಇದನ್ನು ಬೇಕರಿಯ ಸಾಲಿಗೆ ಸೇರಿಸುತ್ತಾರೆ. ಇದರೊಳಗೆ ಎರಡು ಮೂರು ಮುಷ್ಟಿ ಚೀಸ್ ತುಂಬಿ, ಗುಂಡಗೆ ಬೇಯಿಸಿ, ಪಿಜ್ಜಾದ ಹಾಗೆ ಕತ್ತರಿಸಿ, ಮೇಲೆ ಜೇನು ಸುರಿದರೆ ಚೀಸ್ ನಾನ್. ಜಪಾನಿನ ಕಾಲೇಜು ಹುಡುಗಿಯರ ಪ್ರಕಾರ ಭಾರತದ ಪ್ರಾಚೀನ ಸಂಸ್ಕೃತಿಯಲ್ಲಿ ಯೋಗದ ನಂತರದ ಸ್ಥಾನ ಇದಕ್ಕೇ.

ನಾನ್ ಎಷ್ಟು ಬೇಕಾದರೂ ಮತ್ತೆ ಹಾಕಿಸಿಕೊಳ್ಳಬಹುದು, ಉಚಿತ. ‘ಓಕವಾರಿ’ ಎನ್ನುತ್ತಾರೆ. ಜಪಾನೀಯರು ಅರ್ಧ ನಾನ್ ಕೇಳಿ, ಕೇಳಿದ್ದಕ್ಕೆ ತಲೆಬಾಗಿ ಕ್ಷಮೆಯನ್ನೂ ಕೇಳುತ್ತಾರೆ. ನಮ್ಮವರು ಮೂರನೆಯದನ್ನು ತರಿಸಿ, ಮುರಿದು ನೋಡಿ, ‘ಬಿಸಿ ಇಲ್ಲ’ ಎಂದು ವಾಪಸು ಕಳಿಸುತ್ತಾರೆ. ಹಸಿಮೆಣಸಿನಕಾಯಿ, ನಿಂಬೆಹೋಳು, ಈರುಳ್ಳಿ ಇವು ಮೂರು ಭಾರತೀಯನ ಜನ್ಮಸಿದ್ಧ ಹಕ್ಕು. ಮೆನುವಿನಲ್ಲಿರಬೇಕಾದ್ದಿಲ್ಲ, ಬಿಲ್ಲಿನಲ್ಲಂತೂ ಇರಕೂಡದು.

ಖಾರವನ್ನು ಇಲ್ಲಿ ನಂಬರಿನಲ್ಲಿ ಹೇಳಬೇಕು. ಸೊನ್ನೆಯಿಂದ ಐದು. ಸೇಬು ಮತ್ತು ಜೇನು ಬೆರೆಸಿದ ವರ್ಮಾಂಟ್ ಕರಿಯನ್ನು 1963ರಿಂದ ಉಂಡು ಬೆಳೆದ ದೇಶಕ್ಕೆ ಸೊನ್ನೆಯೇ ಸಾಹಸ. ಬೆಂಗಳೂರಿನಿಂದ ಹೊಸದಾಗಿ ಬಂದವರು ‘ಇಂಡಿಯನ್ ಸ್ಪೈಸಿ’ ಎಂದು ಗತ್ತಿನಿಂದ ಹೇಳುತ್ತಾರೆ. ಒಳಗೆ ಅಡಿಗೆಯವನು ಸಿದ್ಧವಾಗಿದ್ದ ಕರಿಗೆ ಹಸಿ ಖಾರದಪುಡಿ ಎರಡು ಚಮಚ ಸುರಿದು ತಿರುವಿ ಕಳಿಸುತ್ತಾನೆ. ಗತ್ತು ನಾಲ್ಕನೆಯ ತುತ್ತಿಗೆ ಇಳಿಯುತ್ತದೆ. ಹಳಬರು ಸದ್ದಿಲ್ಲದೆ ‘ಬಿ ಸೆಟ್, ಖಾರ ಮೂರನೇ ನಂಬರ್’ ಎಂದು ಹೇಳಿ ಸುಮ್ಮನಾಗುತ್ತಾರೆ.

ಆ ಅಡಿಗೆಮನೆಯ ತತ್ವ ಗೊತ್ತಾದವರು ಮೆನು ಓದುವುದನ್ನೇ ಬಿಡುತ್ತಾರೆ. ದೊಡ್ಡ ಪಾತ್ರೆಯಲ್ಲಿ ಈರುಳ್ಳಿ ಟೊಮೇಟೊ ಗ್ರೇವಿ ಒಂದೇ ಕುದಿಯುತ್ತಿರುತ್ತದೆ. ಅದಕ್ಕೆ ಕ್ರೀಮ್ ಬಿದ್ದರೆ ಬಟರ್ ಚಿಕನ್, ಪಾಲಕ್ ಬಿದ್ದರೆ ಸಾಗ್, ಕೀಮಾ ಬಿದ್ದರೆ ಕೀಮಾ, ತೆಂಗಿನ ಹಾಲು ಬಿದ್ದರೆ ದಕ್ಷಿಣ ಭಾರತ. ವಸ್ತು ಒಂದೇ, ನಾಮರೂಪ ಬೇರೆ. ಶಂಕರಾಚಾರ್ಯರು ಇದನ್ನು ಒಪ್ಪಿಸಲು ದೇಶದ ನಾಲ್ಕು ದಿಕ್ಕು ನಡೆದು ವಾದ ಮಾಡಬೇಕಾಯಿತು. ಬಾಗ್ಲುಂಗಿನವರು ಒಂದು ಸೌಟಿನಲ್ಲಿ ಸಾಧಿಸಿದ್ದಾರೆ. ರಾತ್ರಿ ಹೊತ್ತು ಇದೇ ಹೋಟೆಲು ಅಗ್ಗದ ಬಾರ್ ಆಗುತ್ತದೆ. ಆಗ ಮೆನುವಿನ ಕೊನೆಯ ಪುಟಗಳು ತೆರೆದುಕೊಳ್ಳುತ್ತವೆ: ಮೊಮೊ, ಚೌಮೀನ್, ಬೇಯಿಸಿದ ಸೋಯಾ ಕಾಯಿ, ಆಲೂ ಚಿಪ್ಸು, ಥಾಯ್ಲೆಂಡಿನ ಗಪಾವೊ ಅನ್ನ. ಬೋರ್ಡಿನಲ್ಲಿ ಜಾಗವಿಲ್ಲದ್ದಕ್ಕೆ ಥಾಯ್ಲೆಂಡಿನ ಬಾವುಟ ಬಿಟ್ಟುಹೋಗಿದೆ, ಅಷ್ಟೆ.

ಬಟರ್ ಚಿಕನ್ ವಂಶಾವಳಿಯನ್ನೂ ನೋಡಬೇಕು. ಪೇಶಾವರದ ಕಡೆಯವರು 1947ರಲ್ಲಿ ಮನೆಮಠ ಬಿಟ್ಟು ದಿಲ್ಲಿಗೆ ಬಂದು, ದರಿಯಾಗಂಜಿನಲ್ಲಿ ಮೋತಿ ಮಹಲ್ ತೆರೆದು, ಉಳಿದ ತಂದೂರಿ ಕೋಳಿ ಒಣಗದಿರಲೆಂದು ಟೊಮೇಟೊ ಬೆಣ್ಣೆಯಲ್ಲಿ ಮುಳುಗಿಸಿದರು ಎಂಬುದು ಕಥೆ. ಮುಳುಗಿಸಿದ ಕೈ ಯಾರದೆಂಬ ವ್ಯಾಜ್ಯ 2024ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಪಾಲುದಾರರ ಎರಡು ಮನೆತನ, 2,752 ಪುಟಗಳ ದಾವೆ. ದಾಲ್ ಮಖನಿಯೂ ಅದೇ ಕೇಸಿನಲ್ಲಿ ಎರಡನೆಯ ಆಸ್ತಿ. ಹೀಗೆ ಪೇಶಾವರದವರ ಕೈಯಲ್ಲಿ ಹುಟ್ಟಿ, ದಿಲ್ಲಿಯ ಕೋರ್ಟಿನಲ್ಲಿ ನಿಂತು, ಬಾಗ್ಲುಂಗಿನವರ ಒಲೆಯಲ್ಲಿ ಬೆಂದು, ಟೋಕಿಯೋದವರ ತಟ್ಟೆಗೆ ಬಿದ್ದದ್ದನ್ನು ನೋಡಿ ‘ಇದು ನಮ್ಮ ಊಟ’ ಎಂದು ಎದೆ ತಟ್ಟಿಕೊಳ್ಳುವವರು ಯಾರು ಗೊತ್ತೆ? ಬಸವನಗುಡಿಯವರು.

ನಿಶಿ ಕಸಾಯಿ ಎಂಬುದು ಟೋಕಿಯೋದ ಪೂರ್ವಕ್ಕಿರುವ ಬಡಾವಣೆ. ಎರಡು ಸಾವಿರನೆಯ ಇಸವಿಗೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂಬ ಗುಲ್ಲೆದ್ದಾಗ ಅವನ್ನು ರಿಪೇರಿ ಮಾಡಲು ಬಂದ ನಮ್ಮವರು ಅಲ್ಲಿ ಮನೆ ಹಿಡಿದರು. ಕಂಪ್ಯೂಟರು ಕೆಡಲಿಲ್ಲ, ನಮ್ಮವರು ಹಿಂದಿರುಗಲಿಲ್ಲ. ಅಲ್ಲೊಬ್ಬರು ರಾಯರಿದ್ದಾರೆ, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ, ಹುಟ್ಟಾ ಸಸ್ಯಾಹಾರಿ. ಜಪಾನಿ ಸಹೋದ್ಯೋಗಿಗಳಿಗೆ ಭಾರತೀಯ ಸಂಸ್ಕೃತಿ ಪರಿಚಯಿಸುವ ಹೊಣೆಯನ್ನು ಯಾರೂ ಕೊಡದಿದ್ದರೂ ಹೊತ್ತಿದ್ದಾರೆ. ಶುಕ್ರವಾರ ಮಧ್ಯಾಹ್ನ ಒಬ್ಬರನ್ನಾದರೂ ಹಿಡಿದುಕೊಂಡು ಇನ್‌ನೆಪಕ್ಕೆ ಬರುತ್ತಾರೆ.

‘ಇಂಡಿಯಾದಲ್ಲಿ ಮನೆಯಲ್ಲಿ ದಿನಾ ಇದನ್ನೇ ತಿನ್ನುತ್ತೀರಾ?’ ಎಂದು ಆ ಬಡಪಾಯಿ ನಾನ್ ಎತ್ತಿ ಹಿಡಿದು ಕೇಳುತ್ತಾನೆ.

‘ದಿನಾ. ಎವ್ರಿ ಡೇ’ ಎನ್ನುತ್ತಾರೆ ರಾಯರು, ಕಣ್ಣು ಮಿಟುಕಿಸದೆ.

ರಾಯರ ತಾಯಿ ಆ ಹೊತ್ತಿಗೆ ಬಸವನಗುಡಿಯಲ್ಲಿ ನುಗ್ಗೇಕಾಯಿ ಹುಳಿಗೆ ಇಂಗಿನ ಒಗ್ಗರಣೆ ಕೊಡುತ್ತಿರುತ್ತಾರೆ. ಅವರ ವಂಶದಲ್ಲಿ ತಂದೂರನ್ನು ಕಣ್ಣಿಂದ ಕಂಡವರು ಮೊದಲು ರಾಯರೇ. ಆ ಬೀದಿಯಲ್ಲಿ ಯಾರಾದರೂ ಮನೆಯೊಳಗೆ ತಂದೂರು ಹೂಡಿದ್ದರೆ ಓನರು ಅವತ್ತೇ ಅಡ್ವಾನ್ಸು ವಾಪಸು ಕೊಟ್ಟು ಕಳಿಸುತ್ತಿದ್ದರು. ಜಪಾನಿ ಅತಿಥಿ ಮಾತ್ರ ಇದನ್ನೆಲ್ಲ ಭಕ್ತಿಯಿಂದ ಕೇಳಿ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ರಾಯರು ರಾತ್ರಿ ಮನೆಗೆ ಹೋಗಿ, ಅಮ್ಮ ಕಳಿಸಿದ ಸಾರಿನ ಪುಡಿಯ ಡಬ್ಬ ತೆಗೆದು, ಅನ್ನಕ್ಕೆ ಕಲಸಿಕೊಂಡು ಹೊಟ್ಟೆಗೆ ಬಿದ್ದದ್ದು ಊಟ ಎನ್ನಿಸಿಕೊಳ್ಳುತ್ತಾರೆ. ಅದನ್ನು ಯಾವ ಜಪಾನಿಯೂ ನೋಡುವುದಿಲ್ಲ. ಆಫೀಸಿಗೆ ಚಿತ್ರಾನ್ನದ ಡಬ್ಬಿ ತಂದ ದಿನ ರಾಯರು ಕಿಟಕಿಯ ಕಡೆ ತಿರುಗಿ ಕೂತು ಉಣ್ಣುತ್ತಾರೆ, ವಾಸನೆ ಎನ್ನುತ್ತಾರೇನೋ ಎಂದು.

2017ರಲ್ಲಿ ನಮ್ಮ ಮೆಟ್ರೋದ ಬೋರ್ಡುಗಳಲ್ಲಿ ಹಿಂದಿ ಬೇಡವೆಂದು ಬೆಂಗಳೂರಿನಲ್ಲಿ ಗಲಾಟೆಯಾದಾಗ ರಾಯರು ಟೋಕಿಯೋದಲ್ಲಿ ಕೂತೇ ರಾತ್ರಿಯೆಲ್ಲ ಫೇಸ್‌ಬುಕ್ಕಿನಲ್ಲಿ ಹೋರಾಡಿದ್ದರು. ಇನ್‌ನೆಪದ ಬಾಗಿಲು ದಾಟಿದ ತಕ್ಷಣ ಅವರ ಬಾಯಿಂದ ತಾನಾಗಿ ಬರುವುದು, ‘ಭಯ್ಯಾ, ದೋ ಬಿ ಸೆಟ್ ಲಗಾವೋ.’ ಎದುರಿಗಿರುವವನ ತಾಯಿನುಡಿ ನೇಪಾಳಿ, ಇವರದು ಕನ್ನಡ, ನಿಂತ ನೆಲ ಜಪಾನ್, ನಡೆಯುವುದು ಹಿಂದಿ. ಯಾವ ಸರ್ಕಾರವೂ ಹೇರಿಲ್ಲ.

ಒಂದು ಶುಕ್ರವಾರ ರಾಯರ ಆ ಹಿಂದಿ ಕೇಳಿಸಿಕೊಂಡು ಅಡಿಗೆಮನೆಯ ಕಿಂಡಿಯಿಂದ ತಲೆಯೊಂದು ಹೊರಗೆ ಬಂತು. ನಲವತ್ತರ ಆಸುಪಾಸು, ಹಣೆಗೆ ಬಿಳಿ ಟವಲು ಬಿಗಿದಿತ್ತು, ಮೊಣಕೈವರೆಗೆ ಮೈದಾಹಿಟ್ಟು.

‘ಸಾರ್, ಬೆಂಗಳೂರಾ ಸಾರ್?’

ಕನ್ನಡ! ರಾಯರು ಲಸ್ಸಿ ಹೀರುವ ಕೊಳವೆ ಕಚ್ಚಿ ಹಿಡಿದು ಕೂತರು. ಜೊತೆಗಿದ್ದ ನಾನೇ ಮಾತಾಡಿಸಿದೆ, ನೇಪಾಳಿಗಳು ಅಣ್ಣನನ್ನು ಕರೆಯುವ ಹಾಗೆ. ‘ನಿಮಗೆ ಕನ್ನಡ ಹೇಗೆ ದಾಯಿ?’

‘ಮಾರತಹಳ್ಳಿ ಸಾರ್. ಬ್ರಿಜ್ ಕೆಳಗೆ ನಮ್ದು ಗಾಡಿ ಇತ್ತು. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್. ಫಸ್ಟು ನಮ್ ಅಣ್ಣ ಅಪಾರ್ಟ್‌ಮೆಂಟಲ್ಲಿ ಗೂರ್ಖಾ. ಅವ್ನು ಕರ್ಸಿದ್ದು.’

ಪಂಜಾಬಿ ಅಡಿಗೆಯಲ್ಲಿ ಹತ್ತು ವರ್ಷದ ಅನುಭವ ಎಲ್ಲಿಯದೆಂದು ನನಗೆ ಆಗ ತಿಳಿಯಿತು. ಗೋಬಿಯ ಬಣ್ಣಕ್ಕೆ ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧ ಹಾಕುವ ಹೊತ್ತಿಗೆ ದಾಯಿ ಇಲ್ಲಿ ಅದೇ ಕೈಯಿಂದ ಕೋಳಿಗೆ ಬಣ್ಣ ಹಚ್ಚುತ್ತಿದ್ದ. ವಿದ್ಯೆ ವ್ಯರ್ಥವಾಗಿರಲಿಲ್ಲ.

‘ಊಟ ಎಲ್ಲಿ ಮಾಡ್ತಿದ್ರಿ ಅಲ್ಲಿ?’

‘ಗಾಡಿ ಎದುರು ಮಿಲಿಟ್ರಿ ಹೋಟ್ಲು ಸಾರ್. ಮುದ್ದೆ ಬಸ್ಸಾರು. ಎಲ್ಲಾ ನೇಪಾಲಿ ಹುಡುಗ್ರು ಅಲ್ಲೇ. ನಮ್ ಊರಲ್ಲಿ ಢಿಂಡೋ. ಮುದ್ದೆ, ಢಿಂಡೋ, ಸೇಮು ಸಾರ್. ಅಗಿಯಂಗಿಲ್ಲ, ನುಂಗೋದು.’ ನುಂಗುವುದು ಹೇಗೆಂದು ಹಿಟ್ಟಿನ ಕೈಯಲ್ಲೇ ತೋರಿಸಿದ. ಬೆರಳ ತುದಿಯಲ್ಲಿ ಕಿತ್ತು, ಅಂಗೈ ತಗಲದ ಹಾಗೆ ಉಂಡೆ ಮಾಡಿ, ಕಾಣದ ಸಾರಿನಲ್ಲಿ ಅದ್ದಿ, ಗಂಟಲಿಗೆ. ಮಂಡ್ಯದವರು ನೋಡಿದ್ದರೆ ತಪ್ಪು ಹುಡುಕಲಾಗುತ್ತಿರಲಿಲ್ಲ.

ರಾಗಿಯನ್ನು ನೇಪಾಳದವರು ಕೋದೋ ಎನ್ನುತ್ತಾರೆ. ಗುಡ್ಡದ ಮೇಲೆ ನಮ್ಮಂತೆಯೇ ಬೆಳೆಯುತ್ತಾರೆ, ನಮ್ಮಂತೆಯೇ ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತೊಳಸುತ್ತಾರೆ. ಜೊತೆಗೆ ಗುಂದ್ರುಕ್: ಸಾಸಿವೆ ಸೊಪ್ಪನ್ನು ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿಟ್ಟು, ಬೇಕೆಂದಾಗ ಸಾರು ಮಾಡುತ್ತಾರೆ. ಹೀಗೆ ಇಡೀ ಹೋಟೆಲಿನಲ್ಲಿ ಭಾರತಕ್ಕೂ ನೇಪಾಳಕ್ಕೂ ನಿಜವಾಗಿ ಸಂಬಂಧ ಹೇಳಬಲ್ಲ ಪದಾರ್ಥ ಈ ಮುದ್ದೆಯೊಂದೇ ಇತ್ತು. ನೂರೆಂಟು ಫೋಟೋಗಳ ಮೆನುವಿನಲ್ಲಿ ಇರದ ಪದಾರ್ಥವೂ ಇದೊಂದೇ.

‘ಮೆನುವಿನಲ್ಲಿ ಯಾಕೆ ಹಾಕಿಲ್ಲ ದಾಯಿ?’

ದಾಯಿ ನಕ್ಕ. ‘ಅದು ಮನೇದು ಸಾರ್. ಅದುಕ್ಕೆ ಯಾರ್ ಕಾಸು ಕೊಡ್ತಾರೆ?’

ಮಾತು ನಿಜ. ಮಧ್ಯಾಹ್ನ ಮೂರಕ್ಕೆ ಬಾಗಿಲಿಗೆ ‘ತಯಾರಿ ನಡೆದಿದೆ’ ಎಂಬ ಫಲಕ ತಿರುಗಿಸಿ, ಮೂಲೆಯ ಮೇಜಿನಲ್ಲಿ ದಾಯಿ, ಬಡಿಸುವ ಹುಡುಗ, ಯಜಮಾನ ಮೂವರೂ ಊಟಕ್ಕೆ ಕೂರುತ್ತಾರೆ. ಅನ್ನ, ನೀರಾದ ಬೇಳೆ, ಮೂಲಂಗಿ ಪಲ್ಯ, ಟೊಮೇಟೊ ಎಳ್ಳಿನ ಅಚಾರು. ನಾನ್ ಇರುವುದಿಲ್ಲ, ಬಟರ್ ಚಿಕನ್ ಇರುವುದಿಲ್ಲ, ಕಿತ್ತಳೆ ಡ್ರೆಸಿಂಗಂತೂ ಆ ಮೇಜಿನ ಹತ್ತಿರವೂ ಸುಳಿಯುವುದಿಲ್ಲ. ಅಂದರೆ ಈ ಹೋಟೆಲಿನಲ್ಲಿ ಬೇಯುವುದನ್ನು ಬೇಯಿಸಿದವನು ತಿನ್ನುವುದಿಲ್ಲ, ಯಾರ ಹೆಸರಿನಲ್ಲಿ ಬೇಯಿಸುತ್ತಾರೋ ಆ ರಾಯರೂ ಮನೆಯಲ್ಲಿ ತಿನ್ನುವುದಿಲ್ಲ. ತಿನ್ನುವವನು ಜಪಾನಿ. ಇಬ್ಬರಿಗೂ ಆತ ವಿನಯದಿಂದ ಥ್ಯಾಂಕ್ಸ್ ಹೇಳಿ ಹೋಗುತ್ತಾನೆ.

ನಾನು ಒಮ್ಮೆ ಆ ಮೂರು ಗಂಟೆಯ ಊಟವನ್ನೇ ಕೇಳಿ ಹಾಕಿಸಿಕೊಂಡೆ. ರಾಯರು ಪಕ್ಕದಲ್ಲಿದ್ದರು. ತಟ್ಟೆ ನೋಡಿ ಅವರ ಮುಖ ಸೊಟ್ಟಗಾಯಿತು. ‘ಅನ್ನ ಬೇಳೆಸಾರು ತಿನ್ನೋಕೆ ಹೋಟ್ಲಿಗೆ ಬರಬೇಕೇನ್ರೀ? ಇದನ್ನ ಮನೇಲಿ ಮಾಡ್ಕೊಳ್ಳಲ್ವಾ?’ ಎಂದರು. ಆ ಮೇಲೆ ಮೊಬೈಲು ತೆಗೆದು ಹೋಟೆಲಿಗೆ ರಿವ್ಯೂ ಬರೆದರು. ಐದಕ್ಕೆ ಮೂರು ನಕ್ಷತ್ರ. ಅಡಿಗೆಯವರೆಲ್ಲ ನೇಪಾಳಿಗಳು, ಬಟರ್ ಚಿಕನ್ ಅಥೆಂಟಿಕ್ ಅಲ್ಲ.

ಬಟರ್ ಚಿಕನ್ ಎಂದು ಬರೆದದ್ದು ಹುಟ್ಟಾ ಸಸ್ಯಾಹಾರಿ. ಓದುಗರು ದಯವಿಟ್ಟು ಮುಂದೆ ಹೋಗಬೇಕು, ನಾನೂ ಅಲ್ಲಿಂದ ಮುಂದೆ ಹೋದೆ.

ಅಥೆಂಟಿಕ್ ಎಂಬ ಕಾಯಿಲೆಗೆ ಜಪಾನಿನಲ್ಲಿ ಇನ್ನೊಂದು ಪಂಗಡವೂ ಇದೆ. ಅವರು ಜಪಾನೀಯರೇ, ದಕ್ಷಿಣ ಭಾರತದ ಮೀಲ್ಸ್ ಅಭಿಮಾನಿಗಳು. ಬಾಳೆ ಎಲೆ ಹಾಕಿಸಿಕೊಂಡು, ರಸಂ ಮೊದಲೋ ಸಾಂಬಾರು ಮೊದಲೋ ಎಂದು ಗಂಭೀರವಾಗಿ ಚರ್ಚಿಸಿ, ಹಪ್ಪಳವನ್ನು ಅನ್ನದ ಮೇಲೆ ಪುಡಿ ಮಾಡಿ, ಐದು ಬೆರಳಲ್ಲೂ ಶಾಸ್ತ್ರೋಕ್ತವಾಗಿ ಕಲಸಿ ಉಣ್ಣುತ್ತಾರೆ. ಇನ್‌ನೆಪ ಎಂದರೆ ಮೂಗು ಮುರಿಯುತ್ತಾರೆ. ಅವರ ಪಕ್ಕದ ಮೇಜಿನಲ್ಲಿ ರಾಯರು ಎರಡು ಚಮಚ ಹಿಡಿದು ಅದೇ ಮೀಲ್ಸ್ ತಿನ್ನುತ್ತಿರುತ್ತಾರೆ, ಜಪಾನಿನಲ್ಲಿ ಕೈಯಲ್ಲಿ ತಿಂದರೆ ಚೆನ್ನಾಗಿರುವುದಿಲ್ಲ ಎಂದು.

ಈ ನಡುವೆ ಜಪಾನ್ ಸರ್ಕಾರಕ್ಕೂ ಇಷ್ಟೊಂದು ನಾನ್ ಜೀರ್ಣವಾಗಲಿಲ್ಲ. ಮೊದಲು ಇಲ್ಲಿ ಅಂಗಡಿ ಹೂಡುವ ವಿದೇಶಿ 50 ಲಕ್ಷ ಯೆನ್ ಬಂಡವಾಳ ತೋರಿಸಿದರೆ ವೀಸಾ ಸಿಗುತ್ತಿತ್ತು. ಅಣ್ಣ ತಮ್ಮ ಭಾವಮೈದುನ ಸೇರಿ ಹೇಗೋ ಹೊಂದಿಸುತ್ತಿದ್ದರು. 2025ರ ಅಕ್ಟೋಬರಿನಿಂದ ಅದು 3 ಕೋಟಿ ಯೆನ್ ಆಗಿದೆ. ಜೊತೆಗೆ ಒಬ್ಬ ಪೂರ್ಣಾವಧಿ ನೌಕರ, ಜಪಾನಿ ಭಾಷಾಜ್ಞಾನ. ಈಗಾಗಲೇ ಇರುವವರಿಗೆ ಮೂರು ವರ್ಷದ ಗಡುವು. ಸಾವಿರ ಯೆನ್ನಿನ ಸೆಟ್ಟಿನ ಲೆಕ್ಕದಲ್ಲಿ 3 ಕೋಟಿ ಎಂದರೆ ಮೂವತ್ತು ಸಾವಿರ ಸೆಟ್; ಬಾಡಿಗೆ, ಕೋಳಿ, ಗ್ಯಾಸು, ಬೆಣ್ಣೆ ಎಲ್ಲ ಧರ್ಮಕ್ಕೆ ಸಿಗಬೇಕು, ಓಕವಾರಿ ಯಾರೂ ಕೇಳಕೂಡದು. ಜಪಾನಿನಲ್ಲಿ ನೇಪಾಳಿಗಳು ಎರಡು ಲಕ್ಷ ದಾಟಿದ್ದಾರೆ. ಭಾರತೀಯರು ಐವತ್ತು ಸಾವಿರದ ಆಸುಪಾಸು. ಆ ಎರಡು ಲಕ್ಷದಲ್ಲಿ ನಮ್ಮ ಹೋಟೆಲಿನ ಯಜಮಾನನದೂ ಒಂದು ಸಂಸಾರ. ಹೆಂಡತಿ ಅವಲಂಬಿತೆಯ ವೀಸಾದ ಮೇಲೆ ವಾರಕ್ಕೆ 28 ಗಂಟೆ ದುಡಿಯಬಹುದು. ಊಟದ ಡಬ್ಬಿ ತುಂಬುವ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಮಗ ಮನೆಯಲ್ಲಿ ಅಪ್ಪನಿಗೆ ಸರ್ಕಾರದ ಪತ್ರಗಳನ್ನು ಜಪಾನಿಯಿಂದ ನೇಪಾಳಿಗೆ ಓದಿ ಹೇಳುತ್ತಾನೆ. 3 ಕೋಟಿಯ ಪತ್ರವನ್ನೂ ಓದಿದವನು ಅವನೇ. ಸೊನ್ನೆ ಎಣಿಸುವುದರಲ್ಲಿ ತಪ್ಪಾಗಿದೆಯೆಂದು ಅಪ್ಪ ಮತ್ತೆ ಓದಿಸಿದನಂತೆ.

ಅಲ್ಲಿ ಬಾಗ್ಲುಂಗಿನಲ್ಲಿ ಜಪಾನಿನ ದುಡ್ಡಿನಿಂದ ಕಟ್ಟಿದ ಮನೆಗಳಿವೆ, ಒಳಗೆ ವಯಸ್ಸಾದವರಿದ್ದಾರೆ. ನೇಪಾಳದ ಒಟ್ಟು ಉತ್ಪನ್ನದಲ್ಲಿ ಕಾಲು ಭಾಗದಷ್ಟು ಹೊರಗಿನವರು ಕಳಿಸುವ ಹಣವೇ. ರಾಗಿ ಬೆಳೆಯಲು ಆಳು ಸಿಗುವುದಿಲ್ಲ. ಬೆಳೆಯಬೇಕಾದವರು ಇಲ್ಲಿ ಮೈದಾ ಕಲಸುತ್ತಿದ್ದಾರೆ. ಇತ್ತ ಭಾರತ ಸರ್ಕಾರ ವಿಶ್ವಸಂಸ್ಥೆಗೆ ಹೇಳಿ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಮಾಡಿಸಿತು. ರಾಯರು ಆ ವರ್ಷ ಊರಿಗೆ ಹೋದವರು ಜಯನಗರದ ಅಂಗಡಿಯಿಂದ ರಾಗಿ ಬಿಸ್ಕತ್ತು ತಂದು, ಆಫೀಸಿನಲ್ಲಿ ಹಂಚಿ, ಅದರ ಮೇಲೆ ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಮುದ್ದೆಯ ಮಾತು ಬರಲಿಲ್ಲ.

ಮೂರು ಕೋಟಿಯ ಪತ್ರ ಬಂದ ಮೇಲೆ ಯಜಮಾನ ವ್ಯಾಪಾರ ಏರಿಸುವ ಉಪಾಯಗಳನ್ನು ಹುಡುಕುತ್ತಿದ್ದ. ಗಿರಾಕಿಗಳಲ್ಲಿ ಬೆಂಗಳೂರಿನವರು ಹೆಚ್ಚೆಂದು ಲೆಕ್ಕ ಹಾಕಿ, ನಮ್ಮನ್ನು ಕೂರಿಸಿಕೊಂಡು ಸಲಹೆ ಕೇಳಿದ. ಇದೇ ಸಮಯವೆಂದು ನಾನು ಮುದ್ದೆಯ ಪರ ವಕಾಲತ್ತು ಹಾಕಿದೆ. ಢಿಂಡೋ ಎನ್ನಿ, ಮುದ್ದೆ ಎನ್ನಿ, ಎರಡು ದೇಶದವರೂ ಬರುತ್ತಾರೆ, ಜಪಾನೀಯರಿಗೆ ಆರೋಗ್ಯ ಎಂದರೆ ಸಾಕು, ಸಾಲು ನಿಲ್ಲುತ್ತಾರೆ ಎಂದೆ. ದಾಯಿ ಕಿಂಡಿಯಿಂದ ತಲೆಯಾಡಿಸಿದ. ಯಜಮಾನ ರಾಯರ ಕಡೆ ನೋಡಿದ.

‘ರಾಗಿ ಎಲ್ಲಾ ಬೇಡ’ ಎಂದರು ರಾಯರು. ‘ಸಮ್‌ಥಿಂಗ್ ಸೌತ್ ಇಂಡಿಯನ್ ಮಾಡಿ. ಅಥೆಂಟಿಕ್ ಆಗಿರಲಿ.’

ಮುಂದಿನ ತಿಂಗಳು ಹೊರಗೆ ಹೊಸ ಬ್ಯಾನರು ಬಂತು. ಬಾವುಟಗಳು ಎರಡೇ, ಕೆಳಗೆ ತೆಂಗಿನ ಮರದ ಚಿತ್ರ, ಪಕ್ಕದಲ್ಲಿ ಡಿ ಸೆಟ್. ಚೀಸ್ ತುಂಬಿದ ದೋಸೆ, ಅದ್ದಿಕೊಳ್ಳಲು ಬಟರ್ ಚಿಕನ್ ಅಥವಾ ಬಟರ್ ಪನೀರ್, ಕೋಸಿನ ಸಲಾಡು, ನಾನ್ ಓಕವಾರಿ ಉಚಿತ. ರಾಯರು ಶುಕ್ರವಾರ ಜಪಾನಿ ಬಾಸನ್ನೇ ಕರೆತಂದರು. ದೋಸೆ ಮುಟ್ಟಿ ನೋಡಿ, ನಮ್ಮೂರಿನದೇ ಎಂದು ಬಾಸಿಗೆ ಪರಿಚಯ ಮಾಡಿಸಿ, ಅರ್ಧ ತಿಂದು, ಕಿಂಡಿಯ ಕಡೆ ತಿರುಗಿ ಕೈಯೆತ್ತಿದರು. ‘ಭಯ್ಯಾ, ಏಕ್ ನಾನ್ ಔರ್.’